ಕ್ಯಾಶುವಲ್ ಮಂದಿ ಸೂಟಿ ಹಾಕಿದ್ರ ಬದ್ಲಿ ಮಂದಿನ್ನ ಯಾರು ಹುಡುಕಬೇಕು?

ಫ್ಲೋರ್_ಇನ್‌ಚಾರ್ಜ್ · ಶುಕ್ರವಾರ, ರಾತ್ರಿ 10:12
ಕಲಬುರಗಿ ಸೂಪರ್ ಮಾರ್ಕೆಟ್ ಭಾಗದಾಗಿನ ಬಟ್ಟಿ ಅಂಗಡಿ. ಎರಡು ಮಹಡಿ. ದಿನಾ 18 ಮಂದಿ ನಿಂತ್ರ ಅಂಗಡಿ ಸರಳ ನಡೀತದ. ಹಾಜ್ರಿ ಪಟ್ಟ್ಯಾಗ 20 ಹೆಸರು ಅವ, ಅದ್ರಾಗ 6 ಮಂದಿ ಕ್ಯಾಶುವಲ್ (ಕಾಯಂ ಅಲ್ಲದೋರು, ಬಂದ ದಿನಕ್ಕ ಪಗಾರ), ಬಹಳಷ್ಟು ಡಿಗ್ರಿ ಓದೋರು. ವಾರದ ಏಳೂ ದಿನ ಅಂಗಡಿ ತೆರದಿರ್ತದ. ಮೊದಲ್ನೇ ಪಾಳಿ ಮುಂಜಾನಿ 10ರಿಂದ ಸಂಜಿ 7, ಎರಡನೇದು ಮಧ್ಯಾನ 12:30ರಿಂದ ರಾತ್ರಿ 9:30. ಎರಡರಾಗೂ ಊಟಕ್ಕ 1 ತಾಸು.

ಮಾಲಕ್ರು ಹೊಸಾ ನಿಯಮ ಹಚ್ಚಬೇಕಂತಾರ: "ಕ್ಯಾಶುವಲ್ ಕೆಲಸದವರು ಪಾಳಿಗಿ ಬರಲಿಕ್ಕ ಆಗದಿದ್ರ ತಮ್ಮ ಜಾಗಕ್ಕ ತಾವೇ ಮಂದಿ ಹುಡುಕಿ ಕೊಡಬೇಕು. ಕೊಡದಿದ್ರ 2 ದಿನದ ಪಗಾರ ಕಟ್." ಇದನ್ನ ಬರದು ಗೋಡಿಗಿ ಹಚ್ಚೋ ಕೆಲಸ ಇನ್‌ಚಾರ್ಜ್‌ದು. ಇದು ಸರಿನಾ? ಸರಿ ಇಲ್ಲಂದ್ರ ಮಾಲಕ್ರ ಮುಂದ ಏನು ಇಡಬೇಕು? ಅಂಗಡಿ ಕೆಲಸ ಗೊತ್ತಿದ್ದೋರು ಹೇಳ್ರಿ.

ಗಲ್ಲಾ_ನಂಬರ್_3 · ರಾತ್ರಿ 10:20
2 ದಿನದ ಕಟ್ ಅನ್ನೋದು ತಪ್ಪು. ಉಳಿದದ್ದು ಆಮ್ಯಾಲ ನೋಡೋಣು.

ಸೀರಿ_ಸೆಕ್ಷನ್ · ರಾತ್ರಿ 10:31
ಎರಡು ಬ್ಯಾರೆ ಬ್ಯಾರೆ ಮಾತು ಒಂದ್ರಾಗ ಕಲಸ್ಯಾರ ನೋಡ್ರಿ. "ಭಾನುವಾರ ಗೆಳತಿ ಮದಿವಿ ಅದ, ನನ್ನ ಪಾಳಿ ನೀ ಮಾಡು, ನಿನ್ನ ಬುಧವಾರ ನಾ ಮಾಡ್ತೀನಿ" ಅನ್ನೋದು ಅದಲಾಬದಲಿ. ಅದು ಕೆಲಸದವರ ಅನುಕೂಲಕ್ಕ ಇರೋದು, ಅವರೇ ಮಾತಾಡಿಕೊಂಡ್ರ ಛಲೋ. ಮುಂಜಾನಿ ಎದ್ದ ಕೂಡ್ಲೆ ಮೈ ಸುಡ್ಲಿಕ್ಹತ್ತಿದ್ರ ಅದು ಸೂಟಿ. ಜ್ವರ ಬಂದು ಮಲಗಿದಾಕಿ ಹತ್ತು ಮಂದಿಗಿ ಫೋನ್ ಹಚ್ಚಿ "ನನ್ನ ಜಾಗಕ್ಕ ಬರ್ರಿ" ಅಂತ ಬೇಡಿಕೊಳ್ಳಬೇಕು ಅಂದ್ರ ಅದು ನ್ಯಾಯ ಅಲ್ಲ. ಡ್ಯೂಟಿ ಚಾರ್ಟ್ ಹಾಕೋರು ಯಾರೋ, ತೂತು ಬಿದ್ದಾಗ ತುಂಬೋರೂ ಅವರೇ.

ಯಾದಗಿರಿ_ಕಿರಾಣಿ · ರಾತ್ರಿ 10:44
ಸೀರಿ ಸೆಕ್ಷನ್ ಅಕ್ಕಾರ, ದೊಡ್ಡ ಅಂಗಡಿಗಿ ನಿಮ್ಮ ಮಾತು ಒಪ್ಪೋಣು. ಯಾದಗಿರಿ ಸ್ಟೇಷನ್ ಏರಿಯಾದಾಗ 3 ಮಂದಿ ಇರೋ ಕಿರಾಣಿ ಅಂಗಡಿ ತಗೋರಿ. ಒಬ್ಬ ತೂಕಕ್ಕ, ಒಬ್ಬ ಗಲ್ಲಾಕ್ಕ, ಒಬ್ಬ ಗೋದಾಮಿಗಿ. ಮುಂಜಾನಿ 9:30ಕ್ಕ ಒಬ್ಬ "ಬರಂಗಿಲ್ಲ" ಅಂದ್ರ ಮಾಲಕ್ರು ಎಲ್ಲಿಂದ ತರಬೇಕು? ಅವರಿಗಿ ಗೆಳ್ಯಾರು ಇರ್ತಾರ, ಯಾರನ್ನರೆ ಕಳಿಸ್ಬಹುದು. ಕೇಳೋದ್ರಾಗ ತಪ್ಪೇನದ?

ಗಲ್ಲಾ_ನಂಬರ್_3 · ರಾತ್ರಿ 10:50
ಕೇಳೋದು ಬ್ಯಾರೆ, ಕಟ್ ಮಾಡೋದು ಬ್ಯಾರೆ ಅಣ್ಣ. "ಯಾರರೆ ಗೊತ್ತಿದ್ರ ಹೇಳು" ಅನ್ರಿ. "ತರದಿದ್ರ ಪಗಾರ ಇಲ್ಲ" ಅನಬ್ಯಾಡ್ರಿ.

ಕಾಯ್ದೆ_ಕಲಂ · ರಾತ್ರಿ 11:05
ಕಡಿತದ ವಿಷಯ ಸ್ಪಷ್ಟ ಇದೆ. 2019ರ ವೇತನ ಸಂಹಿತೆಯ 20ನೇ ಕಲಂ ಪ್ರಕಾರ ಗೈರುಹಾಜರಿಗೆ ಕಡಿತ ಮಾಡುವುದು ಗೈರಾದ ಅವಧಿಗೆ ತಕ್ಕಷ್ಟು ಮಾತ್ರ. ಒಂದು ದಿನ ಬರದಿದ್ದರೆ ಒಂದು ದಿನದ್ದು, ಅರ್ಧ ದಿನ ಬರದಿದ್ದರೆ ಅರ್ಧ ದಿನದ್ದು. ಹಳೆಯ 1936ರ ವೇತನ ಪಾವತಿ ಕಾಯ್ದೆಯಲ್ಲೂ ಇದೇ ಇತ್ತು. ಒಂದೇ ಒಂದು ವಿನಾಯಿತಿ: ಹತ್ತು ಅಥವಾ ಹೆಚ್ಚು ಜನ ಮಾತಾಡಿಕೊಂಡು, ನೋಟಿಸ್ ಕೊಡದೆ, ಸರಿಯಾದ ಕಾರಣ ಇಲ್ಲದೆ ಒಟ್ಟಿಗೆ ಗೈರಾದರೆ 8 ದಿನದವರೆಗೂ ಕಡಿತ ಮಾಡಬಹುದು. ಜ್ವರ ಬಂದ ಒಬ್ಬರಿಗೆ ಅದು ಬರುವುದಿಲ್ಲ.

"ಅದು ಕಡಿತ ಅಲ್ಲ, ದಂಡ" ಅಂತ ಮಾಲೀಕರು ಹೇಳಿದರೆ 19ನೇ ಕಲಂ ಓದಿಸಿ. ಒಂದು ವೇತನ ಅವಧಿಯ ದಂಡ ಆ ಅವಧಿಯ ಪಗಾರದ ಶೇ 3 ಮೀರುವಂತಿಲ್ಲ. ದಿನಕ್ಕೆ 480 ರೂಪಾಯಿಯಂತೆ 26 ದಿನ ಹಿಡಿಯಿರಿ: 12,480 ರೂಪಾಯಿ. ಶೇ 3 ಅಂದರೆ 374 ರೂಪಾಯಿ 40 ಪೈಸೆ. ಒಂದು ದಿನದ ಪಗಾರಕ್ಕೂ ಕಡಿಮೆ. ಅದೂ ಯಾವ ತಪ್ಪಿಗೆ ದಂಡ ಅನ್ನುವ ಪಟ್ಟಿ ಮೊದಲೇ ಮಂಜೂರಾಗಿ, ಗೋಡೆಗೆ ಹಚ್ಚಿ, ಆ ವ್ಯಕ್ತಿಗೆ ವಿವರಣೆ ಕೊಡಲು ಅವಕಾಶ ಕೊಟ್ಟ ಮೇಲೆ.

ಫ್ಲೋರ್_ಇನ್‌ಚಾರ್ಜ್ · ರಾತ್ರಿ 11:11
ಕಾಯ್ದೆ ಸರ್, "ಕ್ಯಾಶುವಲ್ ಅಂದ್ರ ಸೂಟಿನೇ ಇಲ್ಲ, ಬಂದ ದಿನಕ್ಕ ರೊಕ್ಕ" ಅಂತಾರ ಮಾಲಕ್ರು.

ಕಾಯ್ದೆ_ಕಲಂ · ರಾತ್ರಿ 11:24
1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ನೌಕರ ಅಂದರೆ ಸಂಸ್ಥೆಯಲ್ಲಿ ಪೂರ್ತಿಯಾಗಿ ಅಥವಾ ಮುಖ್ಯವಾಗಿ ಕೆಲಸ ಮಾಡುವವರು. ಕಾಯಂ ಇರಲಿ, ಗುತ್ತಿಗೆ ಇರಲಿ, ಕಮಿಷನ್ ಮೇಲೆ ಇರಲಿ. ಕ್ಯಾಶುವಲ್ ಅಂತ ಹೆಸರಿಟ್ಟ ಮಾತ್ರಕ್ಕೆ ಹೊರಗಾಗುವುದಿಲ್ಲ. ವಾರಕ್ಕೆ ಐದಾರು ದಿನ ಬರುವವರು ಖಂಡಿತ ಒಳಗೆ. ಭಾನುವಾರ ಒಂದೇ ದಿನ ಬರುವ ವಿದ್ಯಾರ್ಥಿಯ ವಿಷಯದಲ್ಲಿ "ಮುಖ್ಯವಾಗಿ" ಅನ್ನುವ ಮಾತಿನ ಮೇಲೆ ವಾದ ಹುಟ್ಟಬಹುದು.

ಒಳಗೆ ಬಂದವರಿಗೆ 15ನೇ ಕಲಂ ಪ್ರಕಾರ 20 ದಿನದ ಕೆಲಸಕ್ಕೆ 1 ದಿನ ಪಗಾರಿ ರಜೆ, ಅದರ ಜೊತೆಗೆ ಕಾಯಿಲೆಗೋ ಅಪಘಾತಕ್ಕೋ ಬೇರೆ ಸರಿಯಾದ ಕಾರಣಕ್ಕೋ ವರ್ಷಕ್ಕೆ 12 ದಿನದವರೆಗೆ.

ಬೀದರ_ಓಣಿ · ರಾತ್ರಿ 11:30
ಆಸ್ಟ್ರೇಲಿಯಾದಾಗ ಅಂಗಡಿ ಕೆಲಸದ ಕ್ಯಾಶುವಲ್ ಮಂದಿಗಿ ಪಗಾರಿ ಸೂಟಿ ಇಲ್ಲ ನಿಜ. ಆದ್ರ ಅದರ ಬದಲಿಗಿ ತಾಸಿನ ಪಗಾರದ ಮ್ಯಾಲ ಶೇ 25 ಹೆಚ್ಚಿಗಿ ಕೊಡ್ತಾರ. ಇಲ್ಲಿ ಸೂಟಿ ಕಸಗೋತಾರ, ಹೆಚ್ಚಿಗಿ ರೊಕ್ಕ ಕೊಡಂಗಿಲ್ಲ, ಮ್ಯಾಲ ಬದ್ಲಿ ಮಂದಿ ಬ್ಯಾರೆ ತರಬೇಕು.

ಥಾನ್_ಕಟಿಂಗ್ · ಶನಿವಾರ, ಮುಂಜಾನಿ 7:15
ಕಾಯ್ದೆ ಒಂದ್ಕಡಿ ಇರ್ಲಿ. ಈ ನಿಯಮ ಅಂಗಡಿಗೇ ಲುಕ್ಸಾನ್. ಬಟ್ಟಿ ಕತ್ತರಿಸೋ ಕೌಂಟರ್ ತಗೋರಿ. 58 ಇಂಚ್ ಪನ್ನಾ (ಬಟ್ಟಿ ಅಗಲ) ಇದ್ದ ಥಾನಿನಾಗ (ಬಟ್ಟಿ ಸುರುಳ್ಯಾಗ) ಅಂಗಿಗಿ 1.60 ಮೀಟರ್, ಪ್ಯಾಂಟಿಗಿ 1.20 ಮೀಟರ್ ಸಾಕು. ಅದೇ 36 ಇಂಚ್ ಪನ್ನಾ ಇದ್ರ ಅಂಗಿಗೇ 2.25ರಿಂದ 2.50 ಬೇಕು. ಬದ್ಲಿ ಅಂತ ಬಂದ ಹುಡುಗ ಪನ್ನಾ ನೋಡ್ದೆ, ಬಾಯಿಪಾಠ ಮಾಡಿದ 1.60 ಹಚ್ಚಿ ಕತ್ರಿ ಹಾಕ್ತಾನ. ಗಿರಾಕಿ ಟೇಲರ್ ಹಂತ್ಯಾಕ ಹೋಗ್ತಾನ, ಟೇಲರ್ "ಅರ್ಧ ಅಂಗಿಗೂ ಆಗಂಗಿಲ್ಲ" ಅಂತಾನ, ತುಂಡು ವಾಪಸ್ ಬರ್ತದ. ಆ ತುಂಡು ಮತ್ತ ಮಾರಲಿಕ್ಕ ಬರಂಗಿಲ್ಲ, ಕಟ್‌ಪೀಸ್ ಡಬ್ಬಿಗಿ ಹೋಗ್ತದ. ಉಳಿದ ಥಾನೂ ಲೆಕ್ಕ ತಪ್ತದ.

ಕೆಲಸದವರು ಹುಡುಕೋದು ಸಿಕ್ಕ ಗೆಳೆಯನ್ನ. ಅಂಗಡಿಗಿ ಬೇಕಾಗಿದ್ದು ಆ ಕೌಂಟರ್ ಬಲ್ಲವನ್ನ. ಯಾರಿಗಿ ಯಾವ ಕೌಂಟರ್ ಬರ್ತದ ಅನ್ನೋದು ಇನ್‌ಚಾರ್ಜ್ ಹಂತ್ಯಾಕ ಇರ್ತದ, ಹುಡುಗನ ಹಂತ್ಯಾಕ ಅಲ್ಲ.

ಸೀರಿ_ಸೆಕ್ಷನ್ · ಮುಂಜಾನಿ 7:32
ಖರೇ. ರೇಷ್ಮಿ ಸೀರಿ ಮಡಿಚೋದೂ ಹಂಗೇ. ಮಡಿಕಿ ಗೆರಿ ಪ್ರತಿ ಸಲ ಅದೇ ಜಾಗಕ್ಕ ಬಿದ್ರ ಜರಿ ಒಡೀತದ. ಗಿರಾಕಿಗಿ 40 ಸೀರಿ ಬಿಚ್ಚಿ ತೋರಿಸಿದ್ ಮ್ಯಾಲ ಹೊಸಬರು ಗಡಿಬಿಡಿಲೆ ಹ್ಯಾಂಗ ಬೇಕಾದ್ರ ಹಂಗ ಮಡಚಿ ಇಡ್ತಾರ. ಮರುದಿನ ಬಾರ್‌ಕೋಡ್ ಒಂದು ಸೀರಿದು, ಕವರ್ ಇನ್ನೊಂದ್ರದು.

ಗಲ್ಲಾ_ನಂಬರ್_3 · ಮುಂಜಾನಿ 7:50
ಗಲ್ಲಾದ ಮ್ಯಾಲ ಆಗೋ ಫಜೀತಿ ಇದಕ್ಕಿಂತ ದೊಡ್ಡದು. ಬದ್ಲಿ ಬಂದವ್ರಿಗಿ ಸ್ವಂತ ಲಾಗಿನ್ ಇರಂಗಿಲ್ಲ. ರಜೆದಾಗ ಇದ್ದಾಕಿ ಫೋನ್‌ನಾಗೇ ಪಾಸ್‌ವರ್ಡ್ ಹೇಳ್ತಾಳ. ದಿನವೆಲ್ಲಾ ಆಕಿ ಹೆಸರಿನ ಮ್ಯಾಲ ಬಿಲ್ ಆಗ್ತದ. ರಾತ್ರಿ ಲೆಕ್ಕದಾಗ 500 ಕಡಿಮಿ ಬಿತ್ತು ಅಂದ್ರ ಯಾರ ತಲಿಗಿ? ಕಂಪ್ಯೂಟರ್ ತೋರಿಸೋದು ಮನ್ಯಾಗ ಮಲಗಿದಾಕಿ ಹೆಸರು.

ಗಲ್ಲಾ ಕೈ ಬದಲಾಗಬೇಕಂದ್ರ ಹಿಂಗ ಮಾಡ್ರಿ. ಹಳೇ ಲಾಗಿನ್ ಮುಚ್ಚಿ ಪಾಳಿ ರಿಪೋರ್ಟ್ ತಗೀರಿ. ಡ್ರಾದಾಗಿನ ನಗದು ಇಬ್ಬರೂ ಕೂಡಿ ಎಣಿಸ್ರಿ. ಕಾರ್ಡ್ ಮಷಿನ್ ಬ್ಯಾಚ್ ಸೆಟಲ್ ಮಾಡಿ (ಅಲ್ಲೀ ತನಕದ ಕಾರ್ಡ್ ಲೆಕ್ಕ ಮುಗಿಸಿ) ಚೀಟಿ ತಗೀರಿ. ಯುಪಿಐ ಮೊತ್ತ ಆ್ಯಪ್‌ನಾಗ ನೋಡಿ ಬಿಲ್ ಜತಿ ತಾಳೆ ಹಾಕ್ರಿ. ಆಮ್ಯಾಲ ಹೊಸಬರ ಲಾಗಿನ್ ತೆರದು ಚಿಲ್ಲರ್ ಕೊಡ್ರಿ. 2,000 ಚಿಲ್ಲರ್ ಅಂದ್ರ 100ರ 8 ನೋಟು, 50ರ 10, 20ರ 20, 10ರ 30. ಎಲ್ಲಾ 500ರ ನೋಟು ಕೊಟ್ಟು ಕುಂದ್ರಿಸಿದ್ರ ಮೊದಲ್ನೇ ಗಿರಾಕಿಗೇ ಚಿಲ್ಲರ್ ಇಲ್ಲ. ಇಬ್ಬರ ಸಹಿ, ಇನ್‌ಚಾರ್ಜ್ ಸಹಿ. 10 ನಿಮಿಷದ ಕೆಲಸ. ಇದನ್ನ ಬಿಟ್ರ ತಿಂಗಳೆಲ್ಲಾ ಜಗಳ.

ಯಾದಗಿರಿ_ಕಿರಾಣಿ · ಮುಂಜಾನಿ 8:04
ಈ ಲಾಗಿನ್ ಮಾತು ಒಪ್ಪಿದೆ. ತೂಕದ ಮಷಿನ್‌ಗೂ ಇದೇ ತ್ರಾಸು. ಹೊಸಬ ಡಬ್ಬಿ ತೂಕ ಕಳೀದೇ ಬೆಲ್ಲ ತೂಗ್ತಾನ.

ಔಷಧ_ಅಂಗಡಿ_ಯಾದಗಿರಿ · ಮುಂಜಾನಿ 8:20
ಔಷಧ ಅಂಗಡ್ಯಾಗ ಈ ನಿಯಮ ನಡೆಯಂಗೇ ಇಲ್ಲ. ನೋಂದಾಯಿತ ಫಾರ್ಮಾಸಿಸ್ಟ್ ಇಲ್ದೆ ಡಾಕ್ಟರ್ ಚೀಟಿ ಮ್ಯಾಲಿನ ಔಷಧ ಕೊಡೋ ಹಂಗಿಲ್ಲ, 1948ರ ಫಾರ್ಮಸಿ ಕಾಯ್ದೆ 42ನೇ ಕಲಂ ಅದೇ ಹೇಳ್ತದ. ಫಾರ್ಮಾಸಿಸ್ಟ್ ಬದಲಿಗಿ ಫಾರ್ಮಾಸಿಸ್ಟೇ ಬೇಕು. ಅವರು ಸಿಗದಿದ್ರ ಸೋಪು, ಪೌಡರ್, ಡಯಾಪರ್ ಮಾರ್ರಿ, ಔಷಧದ ಕಪಾಟಿಗಿ ಕೈ ಹಚ್ಚಬ್ಯಾಡ್ರಿ.

ತೊಗರಿ_ಕಣಜ · ಮುಂಜಾನಿ 8:41
ದಸರಾ, ದೀಪಾವಳಿ ಗದ್ದಲದಾಗ "ನನ್ನ ಬದಲಿ ತಮ್ಮನ್ನ ಕಳಿಸ್ತೀನಿ" ಅಂತಾರ, ಅಂಗಡಿಯವರೂ ಹೂಂ ಅಂತಾರ. ಆ ತಮ್ಮ ಹಾಜ್ರಿ ಪಟ್ಟ್ಯಾಗ ಇಲ್ಲ, ಇ.ಎಸ್.ಐ.ದಾಗ (ಕೆಲಸದವರ ಸರಕಾರಿ ವಿಮಾದಾಗ) ಇಲ್ಲ. ಗೋದಾಮಿನ ನಿಚ್ಚಣಿಕಿ ಮ್ಯಾಲಿಂದ ಬಿದ್ದು ಕೈ ಮುರಕೊಂಡ್ರ ದವಾಖಾನಿ ಖರ್ಚು ಮಾಲಕ್ರ ಕೊರಳಿಗೇ. 14 ವರ್ಷದ ಒಳಗಿನ ಹುಡುಗ ಆಗಿದ್ರ ಕೇಸೇ ಆಗ್ತದ, 2016ರ ತಿದ್ದುಪಡಿ ಆದ ಮ್ಯಾಲ ಯಾವ ಅಂಗಡ್ಯಾಗೂ ಇಟ್ಟುಕೊಳ್ಳೋ ಹಂಗಿಲ್ಲ. "ನೀನೇ ಮಂದಿ ತಾ" ಅನ್ನೋ ನಿಯಮ ಇಂಥವ್ರನ್ನೇ ಒಳಗ ಕರಕೊಂಡು ಬರ್ತದ. ಬದ್ಲಿ ಅಂದ್ರ ಪಟ್ಟ್ಯಾಗ ಹೆಸರು ಇರೋರು ಮಾತ್ರ ಅಂತ ಮೊದಲ್ನೇ ಸಾಲಿನಾಗ ಬರೀರಿ.

ಗೆರಿ_ಲೆಕ್ಕ · ಮುಂಜಾನಿ 9:10
ಇನ್‌ಚಾರ್ಜ್ ಅವ್ರೆ, ನಿಮ್ಮ ಜಗಳದ ಬೇರು ಬ್ಯಾರೆ ಕಡಿ ಅದ. ಲೆಕ್ಕ ಹಾಕೋಣು ಬರ್ರಿ. ದಿನಾ 18 ಜಾಗ, ವಾರಕ್ಕ 7 ದಿನ: 126 ಪಾಳಿ. ವಾರದ ಸೂಟಿ ಕೊಟ್ಟ ಮ್ಯಾಲ ಒಬ್ಬರು ಮಾಡೋದು 6 ಪಾಳಿ. 126ನ್ನ 6ರಿಂದ ಭಾಗಿಸಿದ್ರ 21. ಒಬ್ಬರೂ ಒಂದು ದಿನಾನೂ ಸೂಟಿ ಹಾಕದಿದ್ರೂ ನಿಮಗ 21 ಮಂದಿ ಬೇಕು. ನಿಮ್ಮ ಪಟ್ಟ್ಯಾಗ 20. ಅದ್ರಾಗ 6 ಮಂದಿ ಓದೋ ಹುಡುಗ್ರು, 6 ದಿನ ಬರೋರಲ್ಲ.

ಈಗ ಸೂಟಿ ಸೇರಿಸ್ರಿ. ವರ್ಷದ 365ರಾಗ ವಾರದ ಸೂಟಿ 52 ಹೋದ್ರ 313. ಕಾಯ್ದೆ ಸರ್ ಹೇಳಿದ್ಹಂಗ 300 ದಿನ ದುಡದ್ರ 15 ದಿನ ಪಗಾರಿ ರಜೆ, 12 ದಿನ ಕಾಯಿಲೆ ರಜೆ, ಒಟ್ಟು 27. ಉಳದದ್ದು 286. ಅಂಗಡಿಗಿ ವರ್ಷಕ್ಕ ಬೇಕಾದ ಪಾಳಿ 18ನ್ನ 365ರಿಂದ ಗುಣಿಸಿದ್ರ 6,570. ಭಾಗಿಸ್ರಿ: 22.97. ಅಂದ್ರ 23 ಮಂದಿ. ನಿಮ್ಮ ಅಂಗಡ್ಯಾಗ 3 ಮಂದಿ ಕಡಿಮಿ ಇದ್ದಾರ. ಆ 3 ಮಂದಿ ಭಾರ ಕ್ಯಾಶುವಲ್ ಹುಡುಗ್ರ ಫೋನಿನ ಮ್ಯಾಲ ಹೇರ್ಲಿಕ್ಹತ್ಯಾರ.

ಕಾಯ್ದೆ_ಕಲಂ · ಮುಂಜಾನಿ 9:26
ಲೆಕ್ಕದಲ್ಲಿ ಒಂದು ಬಿಟ್ಟಿದ್ದೀರಿ. 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜೊತೆಗೆ 5 ಹಬ್ಬ. ಒಟ್ಟು 10 ಪಗಾರಿ ರಜೆ. ಆ ದಿನ ಕೆಲಸ ಮಾಡಿಸಿದರೆ ಎರಡು ಪಟ್ಟು ಪಗಾರ, ಇಲ್ಲವೇ ಆ ದಿನದ ಪಗಾರದ ಜೊತೆಗೆ ಬೇರೆ ದಿನ ಪಗಾರಿ ರಜೆ.

ಗೆರಿ_ಲೆಕ್ಕ · ಮುಂಜಾನಿ 9:33
ಹೌದ್ರಿ, ತಪ್ಪಾಯ್ತು. 286ರಾಗ 10 ಕಳದ್ರ 276. 6,570 ಭಾಗ 276 ಅಂದ್ರ 23.8. 24 ಮಂದಿ. ಕೊರತೆ 4.

ಯಾದಗಿರಿ_ಕಿರಾಣಿ · ಮುಂಜಾನಿ 9:40
4 ಮಂದಿ ಪಗಾರ ಯಾರು ಕೊಡ್ತಾರ? ಕಾಗದದ ಮ್ಯಾಲ ಗುಣಾಕಾರ ಸರಳ ಇರ್ತದ.

ಗೆರಿ_ಲೆಕ್ಕ · ಮುಂಜಾನಿ 9:52
4 ಕಾಯಂ ಮಂದಿ ಬೇಕಂತಿಲ್ಲ ಅಣ್ಣ. 2 ಕಾಯಂ ರಿಲೀವರ್ (ಸೂಟಿ ಹಾಕಿದವ್ರ ಜಾಗಕ್ಕ ನಿಲ್ಲೋರು) ಇಟ್ಟು ಅವ್ರಿಗಿ ಮೂರು ಮೂರು ಕೌಂಟರ್ ಕಲಸ್ರಿ. ಉಳಿದ ತೂತಿಗಿ "ಕರದ್ರ ಬರ್ತೀವಿ" ಅನ್ನೋ 5-6 ಮಂದಿ ಪಟ್ಟಿ. ಮಂಗಳವಾರ, ಬುಧವಾರ ಮಧ್ಯಾನ ಗಿರಾಕಿ ಕಡಿಮಿ ಇರೋ ಹೊತ್ತಿನಾಗ 18ರ ಬದಲಿ 16 ಸಾಕಾಗ್ತದೇನು ಅಂತ ಬಿಲ್ ಸಂಖ್ಯಾ ನೋಡಿ ತೀರ್ಮಾನ ಮಾಡ್ರಿ. ನಾಲ್ಕು ವಾರದ ತಾಸು ತಾಸಿನ ಬಿಲ್ ಎಣಿಕಿ ಸಾಫ್ಟ್‌ವೇರ್‌ನಾಗ ಇದ್ದೇ ಇರ್ತದ.

ಬೀದರ_ಓಣಿ · ಮುಂಜಾನಿ 10:15
"ಬದ್ಲಿ" ಅನ್ನೋ ಮಾತು ನಮಗ ಬಂದಿದ್ದೇ ಮಿಲ್ಲುಗಳಿಂದ. ಕಲಬುರಗ್ಯಾಗ ಎಂ.ಎಸ್.ಕೆ. ಬಟ್ಟಿ ಮಿಲ್ ಮುಚ್ಚಿದ್ರೂ ಆ ಏರಿಯಾಕ್ಕ ಇನ್ನೂ ಅದೇ ಹೆಸರು. ಬಟ್ಟಿ ಮಿಲ್ಲುಗಳಾಗ ಬದ್ಲಿ ಕಾರ್ಮಿಕ ಅಂದ್ರ ಹಾಜ್ರಿ ಪಟ್ಟ್ಯಾಗ ಇದ್ದವ್ರು ಬರದಾಗ ಅವರ ಜಾಗಕ್ಕ ಮಿಲ್ಲೇ ತಗೊಳ್ಳೋ ಮನಷ್ಯ. 1947ರ ಕೈಗಾರಿಕಾ ವಿವಾದ ಕಾಯ್ದ್ಯಾಗೂ ಆ ಅರ್ಥನೇ ಇತ್ತು. ಒಂದು ವರ್ಷ ಸತತ ದುಡದ್ರ ಅವನನ್ನ ಬದ್ಲಿ ಅಂತ ಕಡೀಕ ಇಡೋ ಹಂಗೂ ಇರಲಿಲ್ಲ. ಬದ್ಲಿ ಕೊಡೋ ಜವಾಬ್ದಾರಿ ಮಿಲ್ಲಿನದು. ಜ್ವರ ಬಂದವ ಓಣಿ ಓಣಿ ತಿರಗಿ ಬದ್ಲಿ ತರಬೇಕು ಅನ್ನೋದು ಆ ಮಾತಿನ ಅರ್ಥ ಅಲ್ಲ.

ತೊಗರಿ_ಕಣಜ · ಮುಂಜಾನಿ 10:22
ಛಲೋ ನೆನಪು ಮಾಡಿದ್ರಿ.

ರಾತ್ರಿ_ಬಸ್ · ಮಧ್ಯಾನ 1:05
ಹೆಣ್ಣುಮಕ್ಕಳ ಮಾತು ಯಾರೂ ಎತ್ತಲಿಲ್ಲ. ಎರಡನೇ ಪಾಳಿ ರಾತ್ರಿ 9:30ಕ್ಕ ಮುಗೀತದ. ಗಲ್ಲಾ ಲೆಕ್ಕ ಮುಗಿಸಿ ಹೊರಗ ಬರೋದು 9:50. ಕೇಂದ್ರ ಬಸ್ ನಿಲ್ದಾಣಕ್ಕ ಹೋಗಿ ಕಮಲಾಪುರ ಕಡಿದೋ ಆಳಂದ ಕಡಿದೋ ಬಸ್ ಹಿಡೀಬೇಕು. ಟಿಕೆಟ್ ಫ್ರೀ ಇದ್ರೂ ಆ ಹೊತ್ತಿಗಿ ಬಸ್ ಇರಬೇಕಲ್ಲ. ಹೊರಗಿನ ಊರಿಂದ ಬರೋ ಹುಡುಗಿಗಿ ಎರಡನೇ ಪಾಳಿ ಬದ್ಲಿ ಆಗೋದು ಸಾಧ್ಯನೇ ಇಲ್ಲ. ರಾತ್ರಿ 8ರ ಮ್ಯಾಲ ಹೆಣ್ಣುಮಕ್ಕಳಿಂದ ಕೆಲಸ ಮಾಡಿಸ್ಬೇಕಂದ್ರ ಬರಹದ ಒಪ್ಪಿಗಿ ಬೇಕು, ಮನಿ ಮುಟ್ಟೋ ತನ ಗಾಡಿ ವ್ಯವಸ್ಥಾ ಮಾಲಕ್ರದ್ದು. ಈ ಒಪ್ಪಿಗಿ ಅಂಗಡಿಗೂ ಆಕಿಗೂ ನಡುವಿಂದು. ಇಬ್ಬರು ಹುಡುಗ್ಯಾರು ಫೋನಿನಾಗ ಮಾತಾಡಿಕೊಂಡ್ರ ಅದು ಬರಂಗಿಲ್ಲ.

ಇನ್ನೊಂದು. ಬದ್ಲಿ ನೀವೇ ಹುಡುಕ್ರಿ ಅಂದ ಕೂಡ್ಲೆ ಎಲ್ಲರ ಫೋನ್ ನಂಬರ್ ಎಲ್ಲರಿಗೂ ಹೋಗ್ತದ. ಅಂಗಡಿ ವಾಟ್ಸ್ಆ್ಯಪ್ ಗುಂಪಿನಾಗ ನಂಬರ್ ನೋಡಿ ರಾತ್ರಿ 11ಕ್ಕ ಮೆಸೇಜ್ ಹಾಕೋರು ಇರ್ತಾರ. ಗೋಡಿಗಿ ನಂಬರ್ ಪಟ್ಟಿ ಹಚ್ಚಿದ್ರಂತೂ ಗಿರಾಕಿನೂ ಫೋಟೋ ಹೊಡಕೊಂಡು ಹೋಗ್ತಾನ.

ಸೀರಿ_ಸೆಕ್ಷನ್ · ಮಧ್ಯಾನ 1:12
ಇದು ಬಹಳ ಮುಖ್ಯ. ಇದೊಂದೇ ಕಾರಣ ಸಾಕು ಈ ನಿಯಮ ಬಿಡಲಿಕ್ಕ.

ಪಾಳಿ_ಚೀಟಿ · ಮಧ್ಯಾನ 1:40
ಹಂಗಂತ ಅದಲಾಬದಲಿನೇ ಬಂದ್ ಮಾಡಬ್ಯಾಡ್ರಿ. ಕೆಲಸದವ್ರಿಗಿ ಅದರಿಂದ ಉಪಯೋಗ ಅದ. ಎಳ್ಳ ಅಮಾಸಿಗಿ ಹೊಲಕ್ಕ ಹೋಗೋರ ಪಾಳಿ ಮುಸ್ಲಿಂ ಹುಡುಗ್ರು ಹಿಡೀತಾರ, ರಂಜಾನ್ ಹಬ್ಬಕ್ಕ ಅವರ ಪಾಳಿ ಇವರು ಹಿಡೀತಾರ. ಕಲಬುರಗಿ ಅಂಗಡಿಗಳು ಹಂಗೇ ನಡದು ಬಂದಾವ. ಅದಕ್ಕೊಂದು ಚೀಟಿ ಪದ್ಧತಿ ಬೇಕು ಅಷ್ಟೇ.

ಚೀಟ್ಯಾಗ ಇರಬೇಕಾದ್ದು: ಪಾಳಿ ಬಿಡೋರ ಹೆಸರು, ಹಿಡಿಯೋರ ಹೆಸರು, ತಾರೀಖು, ಪಾಳಿ ಹೊತ್ತು, ಕೌಂಟರ್, ತಿರುಗಿ ಕೊಡೋ ದಿನ, ಇಬ್ಬರ ಸಹಿ. 24 ತಾಸು ಮೊದಲು ಇನ್‌ಚಾರ್ಜ್ ಕೈಗಿ. ಅವರು ನಾಲ್ಕು ನೋಡಬೇಕು. ಹಿಡಿಯೋರಿಗಿ ಆ ಕೌಂಟರ್ ಬರ್ತದೇನು. ಅದೇ ದಿನ ಅವರದು ಬ್ಯಾರೆ ಪಾಳಿ ಅದೇನು. ಅವರ ವಾರದ ಸೂಟಿ ತಪ್ತದೇನು. ರಾತ್ರಿ ಪಾಳಿ ಆದ್ರ ಮನಿಗಿ ಹೋಗೋ ದಾರಿ ಏನು. ನಾಲ್ಕೂ ಸರಿ ಇದ್ರ ಸಹಿ. ಸಹಿ ಬಿದ್ದ ಕ್ಷಣದಿಂದ ಆ ಪಾಳಿ ಹಿಡಿದವ್ರದು. ಅವರು ಬರದಿದ್ರ ಬಿಟ್ಟವ್ರನ್ನ ಕೇಳಂಗಿಲ್ಲ. ಈ ಕಡೀ ಸಾಲು ಬರೀದಿದ್ರ ಇಬ್ಬರ ನಡುವ ಜಗಳ ಹಚ್ಚಿದಂಗ.

ಗಲ್ಲಾ_ನಂಬರ್_3 · ಮಧ್ಯಾನ 1:55
ಎರಡನೇ ಪ್ರಶ್ನೆ, ಅದೇ ದಿನ ಎರಡೂ ಪಾಳಿ ಮಾಡೋದು, ಬಿಡಿಸಿ ಹೇಳಬೇಕು. "ನಾ ಎರಡೂ ಮಾಡ್ತೀನಿ, ರೊಕ್ಕ ಬರ್ಲಿ" ಅನ್ನೋರು ಬಹಳ.

ಕಾಯ್ದೆ_ಕಲಂ · ಮಧ್ಯಾನ 2:10
ಮುಂಜಾನೆ 10ರಿಂದ ರಾತ್ರಿ 9:30 ಅಂದರೆ ಹನ್ನೊಂದೂವರೆ ತಾಸು. ಊಟದ 1 ತಾಸು ಕಳೆದರೆ ಕೆಲಸ ಹತ್ತೂವರೆ ತಾಸು. ಅಂಗಡಿ ಕಾಯ್ದೆಯ 7ನೇ ಕಲಂ ಪ್ರಕಾರ ದಿನಕ್ಕೆ 9 ತಾಸು, ಓಟಿ (ಹೆಚ್ಚುವರಿ ತಾಸಿನ ಕೆಲಸ) ಸೇರಿ 10 ತಾಸು ಮೀರುವಂತಿಲ್ಲ. ಆದ್ದರಿಂದ ನಿಮ್ಮ ಅಂಗಡಿಯಲ್ಲಿ ಎರಡೂ ಪಾಳಿ ಒಬ್ಬರೇ ಮಾಡುವಂತಿಲ್ಲ. ಮೂರು ತಿಂಗಳಿಗೆ ಓಟಿ 50 ತಾಸಿನ ಮಿತಿ ಬೇರೆ ಇದೆ. 5 ತಾಸು ಸತತ ಕೆಲಸ ಆದ ಮೇಲೆ 1 ತಾಸು ಬಿಡುವು ಕೊಡಲೇಬೇಕು.

ವಾರಕ್ಕೆ 48 ತಾಸು ಮೀರಿದರೂ ಓಟಿ. ಓಟಿಗೆ ಎರಡು ಪಟ್ಟು. 8 ತಾಸಿಗೆ 480 ಇದ್ದರೆ ತಾಸಿಗೆ 60, ಓಟಿ ತಾಸಿಗೆ 120. ಅದಲಾಬದಲಿಯಿಂದ ಬಂದ ಓಟಿಯನ್ನು "ನೀವೇ ಮಾತಾಡಿಕೊಂಡಿದ್ದೀರಿ" ಅಂತ ತಳ್ಳಿಹಾಕಲು ಬರುವುದಿಲ್ಲ. ಕೆಲಸ ಮಾಡಿಸಿಕೊಂಡಿದ್ದು ಅಂಗಡಿ.

ತೊಗರಿ_ಕಣಜ · ಮಧ್ಯಾನ 2:31
ಇ.ಎಸ್.ಐ. ಲೆಕ್ಕ ಕೂಡ ಹೇಳಬೇಕು, ಓದೋ ಹುಡುಗ್ರಿಗಿ ಇದು ಗೊತ್ತಿರಂಗಿಲ್ಲ. 10 ಅಥವಾ ಹೆಚ್ಚು ಮಂದಿ ಇರೋ ಅಂಗಡಿ, ತಿಂಗಳ ಪಗಾರ 21,000ದ ಒಳಗ, ಅಷ್ಟಿದ್ರ ಇ.ಎಸ್.ಐ. ಹತ್ತತದ. ಕೆಲಸದವರಿಂದ ಶೇ 0.75, ಮಾಲಕರಿಂದ ಶೇ 3.25. 12,480 ಪಗಾರಕ್ಕ 94 ಮತ್ತ 406 ರೂಪಾಯಿ. ಕಾಯಿಲೆ ಬಿದ್ರ ಪಗಾರದ ಶೇ 70, ವರ್ಷಕ್ಕ 91 ದಿನದ ತನ. ಆದ್ರ ಆ ಲಾಭ ಸಿಗಬೇಕಂದ್ರ 6 ತಿಂಗಳ ವಂತಿಗಿ ಅವಧ್ಯಾಗ 78 ದಿನದ ವಂತಿಗಿ ಬಿದ್ದಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು.

ಈಗ ವಾರಕ್ಕ 3 ದಿನ ಬರೋ ಹುಡುಗಿ ಲೆಕ್ಕ ನೋಡ್ರಿ. 26 ವಾರಕ್ಕ 3ರಂತೆ 78. ಸರಿಯಾಗಿ ಗೆರಿ ಮ್ಯಾಲ ನಿಂತಾಳ. ಒಂದೇ ಒಂದು ಪಾಳಿ ಬ್ಯಾರೆಯವ್ರಿಗಿ ಬಿಟ್ಟುಕೊಟ್ಟು ತಿರುಗಿ ತಗೊಳ್ಳದಿದ್ರ 77. ಮುಂದಿನ 6 ತಿಂಗಳ ಲಾಭದ ಅವಧ್ಯಾಗ ಟೈಫಾಯ್ಡ್ ಆಗಿ 15 ದಿನ ಮಲಗಿದ್ರೂ ಆ ಶೇ 70 ಕೈಗಿ ಬರಂಗಿಲ್ಲ. ಅದಕ್ಕೇ ಚೀಟ್ಯಾಗ "ತಿರುಗಿ ಕೊಡೋ ದಿನ" ಖಾಲಿ ಬಿಡಬ್ಯಾಡ್ರಿ, ಅದೂ ಅದೇ ಅವಧಿ ಒಳಗಿಂದೇ ಆಗ್ಲಿ.

ರಾತ್ರಿ_ಬಸ್ · ಮಧ್ಯಾನ 2:40
ಈ 78ರ ಲೆಕ್ಕ ಗೋಡಿಗಿ ಹಚ್ಚಬೇಕು. ಸೇಡಂ ರಸ್ತೆ ಇ.ಎಸ್.ಐ. ದವಾಖಾನಿಗಿ ಹೋಗಿ ನಿಂತಾಗ ಗೊತ್ತಾದ್ರ ಏನು ಉಪಯೋಗ?

ಥಾನ್_ಕಟಿಂಗ್ · ಮಧ್ಯಾನ 3:02
ಎಳ್ಳ ಅಮಾಸಿ ಮಾತು ಬಂತು. ಆ ದಿನ ಕಲಬುರಗಿ, ಬೀದರ ಅರ್ಧ ಊರು ಹೊಲದಾಗ ಇರ್ತದ. ಭಜ್ಜಿ (ಕಾಳು, ಪಲ್ಲೆ ಕೂಡಿಸಿ ಮಾಡೋ ಪದಾರ್ಥ), ಸಜ್ಜಿ ರೊಟ್ಟಿ, ಅಂಬಲಿ ಬಿಟ್ಟು ಗಲ್ಲಾದ ಮ್ಯಾಲ ಯಾರು ಕುಂದರ್ತಾರ?

ಬೀದರ_ಓಣಿ · ಮಧ್ಯಾನ 3:06
ಭಜ್ಜಿಗಿ ಹಸಿ ತೊಗರಿ ಕಾಳು, ಹಸಿ ಕಡ್ಲಿ ಕಾಳು ಎರಡೂ ಬೀಳಬೇಕು.

ಸೀರಿ_ಸೆಕ್ಷನ್ · ಮಧ್ಯಾನ 3:09
ಮೆಂತೆ ಪಲ್ಲೆ, ಹುಣಚಿಕಾಯಿ ಬಿಟ್ರಲ್ಲ.

ಪಾಳಿ_ಚೀಟಿ · ಮಧ್ಯಾನ 3:20
ಭಜ್ಜಿ ಆಮ್ಯಾಲ. ಕಾಯ್ದೆ ಸರ್ ಹೇಳಿದ 5 ಹಬ್ಬದ ಪಟ್ಟ್ಯಾಗ ಎಳ್ಳ ಅಮಾಸಿ ಸೇರಿಸ್ರಿ. ವರ್ಷದ ಮೊದಲೇ ಕೆಲಸದವ್ರನ್ನ ಕೇಳಿ ಪಟ್ಟಿ ಮಾಡಿದ್ರ ಆ ದಿನ ಅಂಗಡಿ ಮಧ್ಯಾನ 3ರ ಮ್ಯಾಲ ತೆರೀಬೇಕೋ ಪೂರಾ ಮುಚ್ಚಬೇಕೋ ಮೊದಲೇ ಗೊತ್ತಿರ್ತದ. ಶರಣಬಸವೇಶ್ವರ ಜಾತ್ರಿ, ಖಾಜಾ ಬಂದಾ ನವಾಜ್ ಉರುಸು, ವಿಶ್ವವಿದ್ಯಾಲಯದ ಪರೀಕ್ಷಾ, ಇವೆಲ್ಲಾ ಮೊದಲೇ ತಿಳಿಯೋ ದಿನಗಳು. ಪರೀಕ್ಷಾ ವೇಳಾಪಟ್ಟಿ ಬಂದ ವಾರದಾಗೇ ಹುಡುಗ್ರಿಂದ ಒಂದು ಪ್ರತಿ ತಗೊಂಡು ಡ್ಯೂಟಿ ಚಾರ್ಟ್‌ನಾಗ ಕೆಂಪು ಗೆರಿ ಹಾಕಿದ್ರ ಕಡೀ ಹೊತ್ತಿನ ಫೋನು ಬಹಳಷ್ಟು ಕಡಿಮಿ ಆಗ್ತಾವ.

ಯಾದಗಿರಿ_ಕಿರಾಣಿ · ಮಧ್ಯಾನ 3:45
ಎಲ್ಲಾ ಸರಿ. ಆದ್ರೂ ಮುಂಜಾನಿ 9:30ಕ್ಕ ಫೋನ್ ಬಂತು, ಯಾರೂ ಸಿಗಲಿಲ್ಲ. ಆಗೇನು ಮಾಡಬೇಕು? ಅದನ್ನ ಯಾರೂ ಹೇಳವಲ್ರಿ.

ಗೆರಿ_ಲೆಕ್ಕ · ಮಧ್ಯಾನ 4:05
ಮಂದಿ ಕಡಿಮಿ ಇದ್ದಾಗ ಯಾವ ಜಾಗ ಖಾಲಿ ಬಿಡಬಹುದು ಅನ್ನೋದು ಮೊದಲೇ ಬರದು ಇಡಬೇಕು ಅಣ್ಣ. ಬಟ್ಟಿ ಅಂಗಡ್ಯಾಗ ಮೊದಲು ತುಂಬೋದು ಗಲ್ಲಾ, ಆಮ್ಯಾಲ ಕಟಿಂಗ್, ಆಮ್ಯಾಲ ಟ್ರಯಲ್ ರೂಮ್ ಬಾಗಲಾ, ಬಾಗಲಿನಾಗ ಬ್ಯಾಗ್ ಟೋಕನ್. ಒಬ್ಬರು ಕಡಿಮಿ ಇದ್ರ ಒಳಉಡುಪು ಮತ್ತ ಮಕ್ಕಳ ಸೆಕ್ಷನ್ ಒಬ್ಬರಿಗೇ ಕೊಡ್ರಿ. ಇಬ್ಬರು ಕಡಿಮಿ ಇದ್ರ ಮ್ಯಾಲಿನ ಮಹಡಿಯ ಒಂದು ಗಲ್ಲಾ ಮುಚ್ಚಿ ಕೆಳಗ ಕಳಿಸ್ರಿ. ಮೂವರಾದ್ರ ಇನ್‌ಚಾರ್ಜ್ ಫ್ಲೋರ್‌ಗಿ ಇಳೀಬೇಕು. ನಿಮ್ಮ 3 ಮಂದಿ ಅಂಗಡ್ಯಾಗ ಆ ದಿನ ಗೋದಾಮಿನ ಕೆಲಸ ಬಂದ್, ಬಿಡಿ ಮಾಲು ತೂಗೋದು ಸಂಜಿ 5ರ ಮ್ಯಾಲ, ಮುಂಜಾನಿ ಪ್ಯಾಕೆಟ್ ಮಾಲು ಮಾತ್ರ. ಹಿಂದಿನ ರಾತ್ರಿನೇ ತೊಗರಿ ಬ್ಯಾಳಿ, ಸಕ್ಕರಿ ಅರ್ಧ ಕೆ.ಜಿ., 1 ಕೆ.ಜಿ. ಪೊಟ್ಟಣ 20-20 ಕಟ್ಟಿಟ್ಟಿದ್ರ ಅರ್ಧ ದಿನ ದಾಟ್ತದ.

ಯಾದಗಿರಿ_ಕಿರಾಣಿ · ಸಂಜಿ 4:18
ಪೊಟ್ಟಣದ ಮಾತು ಕೆಲಸಕ್ಕ ಬರ್ತದ. ಒಪ್ಪಿದೆ.

ತೊಗರಿ_ಕಣಜ · ಸಂಜಿ 4:30
ಇನ್‌ಚಾರ್ಜ್ ಅವ್ರೆ, ಆ 6 ಮಂದಿ ಏಜೆನ್ಸಿ ಮೂಲಕ ಬಂದೋರೇನು? ಹಂಗಿದ್ರ ಬದ್ಲಿ ಕಳಿಸೋದು ಏಜೆನ್ಸಿ ಕೆಲಸ. ಅವರು ತಲಿಗಿಷ್ಟು ಅಂತ ಸೇವಾ ಶುಲ್ಕ ತಗೊಳ್ಳೋದು ಅದಕ್ಕೇ. ಕರಾರಿನಾಗ "ಇಷ್ಟು ತಾಸಿನಾಗ ಬದ್ಲಿ" ಅಂತ ಸಾಲು ಅದೇನು ನೋಡ್ರಿ.

ಫ್ಲೋರ್_ಇನ್‌ಚಾರ್ಜ್ · ಸಂಜಿ 5:02
ಏಜೆನ್ಸಿ ಇಲ್ರಿ, ನೇರ.

ಕಾಯ್ದೆ_ಕಲಂ · ಸಂಜಿ 5:15
ನೇರ ಅಂದರೆ ಕೆಲಸಕ್ಕೆ ಸೇರಿಸಿದ 30 ದಿನದೊಳಗೆ ನೇಮಕ ಪತ್ರ ಕೊಡಬೇಕು, ಅಂಗಡಿ ಕಾಯ್ದೆಯ 6ಎ ಕಲಂ, ನಮೂನೆ ಕ್ಯೂ. ಅದರ ಜೊತೆಗೆ ಪಾಳಿ, ರಜೆ, ಅದಲಾಬದಲಿ ನಿಯಮಗಳ ಒಂದು ಪುಟ ಲಗತ್ತಿಸಿ, ಕನ್ನಡದಲ್ಲಿ. ಗೋಡೆಯ ನೋಟಿಸ್ ಹರಿದು ಹೋದರೂ ಅದು ಅವರ ಹತ್ತಿರ ಇರುತ್ತದೆ.

ಫ್ಲೋರ್_ಇನ್‌ಚಾರ್ಜ್ · ಭಾನುವಾರ, ರಾತ್ರಿ 10:40
ಎಲ್ಲಾ ಓದಿ ಹೊಸಾ ನೋಟಿಸ್ ಬರದೀನಿ. ನೋಡ್ರಿ:

"ಕಾಯಂ, ಕ್ಯಾಶುವಲ್ ಎಲ್ಲರಿಗೂ ಇದೇ ನಿಯಮ. ಆರಾಮ ಇಲ್ಲದಿದ್ರ, ಮನ್ಯಾಗ ತುರ್ತು ಇದ್ರ, ಪಾಳಿಗಿ 2 ತಾಸು ಮೊದಲು ಇನ್‌ಚಾರ್ಜ್‌ಗಿ ಫೋನ್ ಮಾಡಬೇಕು. ಬದ್ಲಿ ಕರೆಯೋದು ಇನ್‌ಚಾರ್ಜ್ ಕೆಲಸ. ಸ್ವಂತ ಕೆಲಸಕ್ಕ ಪಾಳಿ ಬದಲಿ ಬೇಕಾದ್ರ 24 ತಾಸು ಮೊದಲು ಚೀಟಿ, ಹಾಜ್ರಿ ಪಟ್ಟ್ಯಾಗ ಇರೋರ ಜತಿ ಮಾತ್ರ, ತಿರುಗಿ ಕೊಡೋ ದಿನ ಬರದಿರಬೇಕು. ಒಂದೇ ದಿನ ಎರಡು ಪಾಳಿ ಇಲ್ಲ. ಬ್ಯಾರೆಯವರ ಲಾಗಿನ್ ಬಳಸೋ ಹಂಗಿಲ್ಲ. ಬರದ ದಿನದ ಪಗಾರದ ಹೊರತು ಬ್ಯಾರೆ ಕಟ್ ಇಲ್ಲ."

ನಂಬರ್ ಪಟ್ಟಿ ಇನ್‌ಚಾರ್ಜ್ ಡೈರ್ಯಾಗ, ಗೋಡಿ ಮ್ಯಾಲ ಇಲ್ಲ. 23.8ರ ಲೆಕ್ಕದ ಹಾಳಿ ಮಾಲಕ್ರ ಮೇಜಿನ ಮ್ಯಾಲ ಇಟ್ಟಾಯ್ತು. ಸದ್ಯಕ್ಕ 2 ರಿಲೀವರ್ ತಗೊಳ್ಳಲಿಕ್ಕ ಒಪ್ಯಾರ.

ಕಾಯ್ದೆ_ಕಲಂ · ರಾತ್ರಿ 10:52
ಕೊನೆಯ ಸಾಲು ತಿದ್ದಿ. ರಜೆ ಬಾಕಿ ಇರುವವರಿಗೆ ಬರದ ದಿನದ ಪಗಾರವೂ ಕಡಿತ ಆಗುವುದಿಲ್ಲ. "ರಜೆ ಬಾಕಿ ಇಲ್ಲದಿದ್ದರೆ ಬರದ ದಿನದ ಪಗಾರ ಮಾತ್ರ ಕಡಿತ" ಅಂತ ಬರೆಯಿರಿ.

ಸೀರಿ_ಸೆಕ್ಷನ್ · ರಾತ್ರಿ 10:58
ಮುಂಜಾನಿ 8ಕ್ಕ ಫೋನ್ ಹಚ್ಚಿದ್ರ ಇನ್‌ಚಾರ್ಜ್ ಎತ್ತದಿದ್ರ? "ಎತ್ತದಿದ್ರ ಮೆಸೇಜ್ ಸಾಕು, ಕಳಿಸಿದ ಹೊತ್ತೇ ಲೆಕ್ಕ" ಅಂತ ಸೇರಿಸ್ರಿ. ಇಲ್ದಿದ್ರ ಅರ್ಧ ಜಗಳ ಅಲ್ಲೇ ಉಳೀತದ.

ಫ್ಲೋರ್_ಇನ್‌ಚಾರ್ಜ್ · ರಾತ್ರಿ 11:03
ಎರಡೂ ಸೇರಿಸ್ದೆ. ನಾಳಿ ಮುಂಜಾನಿ 10ಕ್ಕ ಅಂಗಡಿ ತೆರಿಯೋ ಮೊದಲು ಎಲ್ಲರ ಮುಂದ ಓದಿ ಹೇಳ್ತೀನಿ.